ಚಿತ್ರಕ್ಕೊಂದು ಚೀಟಿ

ನಮ್ಮ ತಂದೆಯವರ ಕಾಲದಲ್ಲಿ ಮನೆಯ ಫೋಟೋಗಳೆಲ್ಲ ಒಂದು ತಗಡಿನ ಟ್ರಂಕಿನಲ್ಲಿರುತ್ತಿದ್ದವು. ಮುನ್ನೂರೋ ನಾನೂರೋ ಇದ್ದಿರಬಹುದು. ಸ್ಟುಡಿಯೋದಿಂದ ಚಿತ್ರ ಮನೆಗೆ ಬಂದ ಕೂಡಲೆ ಅದರ ಬೆನ್ನಿಗೆ ಊರು, ತಾರೀಖು, ನಿಂತವರ ಹೆಸರು, ಎಡದಿಂದ ಬಲಕ್ಕೆ, ಶಾಯಿಯಲ್ಲಿ ಬರೆದಿಡಬೇಕೆಂಬುದು ಅವರ ಕಟ್ಟುನಿಟ್ಟು. ನಾವು ಹುಡುಗರು ಇದನ್ನು ಕಂಡು ನಗುತ್ತಿದ್ದೆವು. ನಮ್ಮ ಅಜ್ಜಿ ಯಾರೆಂದು ನಮಗೆ ತಿಳಿಯದೆ?

ಈಚೆಗೆ ನನ್ನ ಮಗ ಆ ಟ್ರಂಕಿನದನ್ನೆಲ್ಲ ಸ್ಕ್ಯಾನ್ ಮಾಡಿ, ಮನೆಮಂದಿಯ ಫೋನುಗಳಲ್ಲಿದ್ದುದನ್ನೂ ಸೇರಿಸಿ, ಕಂಪ್ಯೂಟರಿಗೆ ತುಂಬಿದ. ಒಟ್ಟು ಹದಿನಾಲ್ಕು ಸಾವಿರ ಚಿತ್ರ. ಮೂಲ ಪ್ರತಿಗಳನ್ನು ಅಣ್ಣತಮ್ಮಂದಿರು ಹಂಚಿಕೊಂಡೆವು. ಕೆಲವು ವಿದೇಶಕ್ಕೂ ಹೋದವು. ಮಗ ಸ್ಕ್ಯಾನ್ ಮಾಡಿದ್ದು ಮುಂಭಾಗವನ್ನು ಮಾತ್ರ ಎಂಬುದು ನಮಗೆ ಹೊಳೆದದ್ದು ಆಮೇಲೆ.

ತಾಯಿಯವರ ವರ್ಷದ ತಿಥಿಗೆ ಅವರು ತುಳಸಿಕಟ್ಟೆಯ ಮುಂದೆ ಕುಳಿತಿದ್ದ ಚಿತ್ರ ಬೇಕಾಯಿತು. ಇದೆಯೆಂದು ಎಲ್ಲರಿಗೂ ಗೊತ್ತು. ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಒಂದೊಂದು ಚಿತ್ರಕ್ಕೂ ಯಂತ್ರ ಕೊಟ್ಟ ಅಂಕಿಯೇ ಹೆಸರು. ಮೂರು ಸಂಜೆ ಹುಡುಕಿ ಕಣ್ಣು ಕೆಂಪಾದವು. ಆಗ ಮಗ, "ಅಪ್ಪಾ, ಕೃತಕ ಬುದ್ಧಿಮತ್ತೆಯ ಕೈಗೆ ಕೊಟ್ಟು ನೋಡೋಣ" ಎಂದ.

ಬಟ್ಟೆ ಅಂಗಡಿಯಲ್ಲಿ ಸೀರೆಗೆ ಚೀಟಿ ಕಟ್ಟಿರುತ್ತಾರಷ್ಟೆ. ಈ ಯಂತ್ರ ಮಾಡುವುದೂ ಅದೇ ಕೆಲಸ. ಚಿತ್ರವನ್ನು ನೋಡಿ, ಇದರಲ್ಲಿ ನದಿ ಇದೆ, ಎತ್ತು ಇದೆ, ಊಟದ ಪಂಕ್ತಿ ಇದೆ ಎಂದು ಚೀಟಿ ಬರೆಯುತ್ತದೆ. ನೋಡುವುದು ಎಂದೆ, ಅದಕ್ಕೆ ಕಣ್ಣಿಲ್ಲ. ಚಿತ್ರವೆಲ್ಲ ಅದಕ್ಕೆ ಅಂಕಿಗಳ ಸಾಲು. ಎತ್ತಿನ ಚಿತ್ರಗಳ ಅಂಕಿಸಾಲುಗಳಲ್ಲಿ ಏನೋ ಒಂದು ಹೋಲಿಕೆ ಇರುತ್ತದೆ. ಲಕ್ಷಾಂತರ ಉದಾಹರಣೆಗಳನ್ನು ಕಂಡು ಆ ಹೋಲಿಕೆಯನ್ನು ಅದು ಹಿಡಿಯುತ್ತದೆ. ಮಗುವಿಗೆ ನಾವು "ಇದು ಕಾಗೆ, ಇದು ಗುಬ್ಬಿ" ಎಂದು ತೋರಿಸಿದಂತೆ ಇದಕ್ಕೂ ಯಾರೋ ತೋರಿಸಬೇಕು. ಅಮೆರಿಕದಲ್ಲಿ ಫೇ-ಫೇ ಲೀ ಎಂಬ ವಿದುಷಿ ಮತ್ತು ಅವರ ಸಂಗಡಿಗರು ೨೦೦೯ರಲ್ಲಿ 'ಇಮೇಜ್‌ನೆಟ್' ಎಂಬ ಸಂಗ್ರಹವನ್ನು ಹೊರತಂದರು. ಅದು ಬೆಳೆದು ಒಂದು ಕೋಟಿ ನಲವತ್ತು ಲಕ್ಷ ಚಿತ್ರಗಳನ್ನು ಮೀರಿತು. ಅವಕ್ಕೆ ಚೀಟಿ ಬರೆದವರು ನಾನಾ ದೇಶಗಳಲ್ಲಿ ಮನೆಯಲ್ಲೇ ಕುಳಿತು ಬಿಡಿಗಾಸಿಗೆ ದುಡಿದ ಸಾವಿರಾರು ಜನ. ಯಂತ್ರದ ಜಾಣತನವನ್ನು ಹೊಗಳುವಾಗ ಇವರನ್ನು ಯಾರೂ ನೆನೆಯುವುದಿಲ್ಲ. ೨೦೧೨ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಮೂವರು ಈ ಸಂಗ್ರಹದ ಮೇಲೆ ನಡೆದ ಸ್ಪರ್ಧೆಯಲ್ಲಿ ತಪ್ಪಿನ ಪ್ರಮಾಣವನ್ನು ನೂರಕ್ಕೆ ಸುಮಾರು ಹದಿನೈದಕ್ಕೆ ಇಳಿಸಿದರು. ಎರಡನೆಯ ಸ್ಥಾನದವರದು ಇಪ್ಪತ್ತಾರು. ೨೦೨೧ರಲ್ಲಿ ಬಂದ 'ಕ್ಲಿಪ್' ಎಂಬ ಏರ್ಪಾಡು ಅಂತರಜಾಲದ ನಲವತ್ತು ಕೋಟಿ ಚಿತ್ರಗಳನ್ನೂ ಅವುಗಳ ಪಕ್ಕದ ಬರವಣಿಗೆಯನ್ನೂ ಜೊತೆಗೂಡಿಸಿ ಕಲಿತದ್ದು. ಅಲ್ಲಿಂದೀಚೆಗೆ ಗೊತ್ತುಪಡಿಸಿದ ಪದಗಳನ್ನೇ ಹುಡುಕಬೇಕೆಂಬ ನಿರ್ಬಂಧವೂ ಸಡಿಲವಾಯಿತು.

ಈ ವಿದ್ಯೆಯ ಬೇರು ಯಂತ್ರಕ್ಕಿಂತ ಹಳೆಯದು. ಎಸ್. ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದು ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದವರು. ಪುಸ್ತಕ ಇರುವುದು ಒಂದೇ ಕಪಾಟಿನಲ್ಲಿ. ಅದರ ವಿಷಯಕ್ಕೋ ಹಲವು ಮುಖ. ಭತ್ತದ ರೋಗವೊಂದರ ಮೇಲೆ ಪುಸ್ತಕವಿದೆ ಎನ್ನಿ. ಯಾವ ಬೆಳೆ, ಏನು ಬಾಧೆ, ಯಾವ ಊರು, ಯಾವ ಕಾಲ, ಯಾವ ಕಡೆಯಿಂದ ಹುಡುಕಿ ಬಂದವನಿಗೂ ಅದು ಸಿಕ್ಕಬೇಡವೆ? ಈ ಮುಖಗಳನ್ನು ಬಿಡಿಸಿ ಜೋಡಿಸುವ ಕೋಲನ್ ವರ್ಗೀಕರಣವನ್ನು ಅವರು ೧೯೩೩ರಲ್ಲಿ ಪ್ರಕಟಿಸಿದರು. ೧೯೬೨ರಲ್ಲಿ ಬೆಂಗಳೂರಿನಲ್ಲೇ ಈ ಶಾಸ್ತ್ರದ ಸಂಶೋಧನೆಗೂ ತರಬೇತಿಗೂ ಒಂದು ಕೇಂದ್ರವನ್ನು ತೆರೆದರು. ಚಿತ್ರವೊಂದಕ್ಕೆ ಹತ್ತು ಚೀಟಿ ಅಂಟಿಸುವಾಗ ನಾವು ನಡೆಯುತ್ತಿರುವುದು ಅವರಂಥವರು ಸವೆಸಿದ ಹಾದಿಯಲ್ಲೇ.

ನಮ್ಮ ಮನೆಯ ಕಥೆಗೆ ಬರೋಣ. ಒಂದು ರಾತ್ರಿಯಲ್ಲಿ ಹದಿನಾಲ್ಕು ಸಾವಿರಕ್ಕೂ ಚೀಟಿ ಬಿತ್ತು. "ತುಳಸಿಕಟ್ಟೆ" ಎಂದು ಕೇಳಿದೆವು, ಒಂದೂ ಬರಲಿಲ್ಲ. ಮಗ ಉಪಾಯ ಮಾಡಿ ಇಂಗ್ಲಿಷಿನಲ್ಲಿ "ಕುಂಡದ ಗಿಡ, ಕುಳಿತ ಹೆಂಗಸು" ಎಂದು ಕೇಳಿದ. ನಾಲ್ಕನೆಯ ಚಿತ್ರವೇ ನಮ್ಮ ಅಮ್ಮ! ಅವರು ನಿತ್ಯ ಪ್ರದಕ್ಷಿಣೆ ಬರುತ್ತಿದ್ದ ತುಳಸಿ ಯಂತ್ರದ ಪಾಲಿಗೆ ಕುಂಡದ ಗಿಡ. ಕೋಪ ಬರಲಿಲ್ಲ, ಚಿತ್ರ ಸಿಕ್ಕಿತ್ತಲ್ಲ. ಆದರೆ ನಮ್ಮ ತಾತನ ವೈಕುಂಠ ಸಮಾರಾಧನೆಯ ಚಿತ್ರಗಳನ್ನೆಲ್ಲ ಅದು "ಮದುವೆ" ಎಂದು ಬರೆದಿತ್ತು. ಬಾಳೆ ಎಲೆ, ಪಂಕ್ತಿ, ಪಂಚೆ ಉಟ್ಟವರು. ಪಾಪ, ಅದಕ್ಕೆ ಹೇಗೆ ಗೊತ್ತಾಗಬೇಕು? ಮುಖಗಳನ್ನು ವಿಂಗಡಿಸುವಾಗ ನಮ್ಮ ತಾಯಿಯ ಹದಿನೆಂಟರ ವಯಸ್ಸಿನ ಚಿತ್ರವನ್ನೂ ನನ್ನ ಮಗಳ ಚಿತ್ರಗಳನ್ನೂ ಒಂದೇ ಗುಂಪಿಗೆ ಹಾಕಿತ್ತು. ಈ ತಪ್ಪನ್ನು ತಿದ್ದಲು ನನ್ನ ಹೆಂಡತಿ ಒಪ್ಪಲಿಲ್ಲ.

ಒಂದು ವ್ಯಾವಹಾರಿಕ ಮಾತು. ಚೀಟಿ ಎಲ್ಲಿ ಉಳಿಯುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ. ಕೆಲವು ಏರ್ಪಾಡುಗಳು ಅದನ್ನು ತಮ್ಮ ಖಾತೆಯಲ್ಲಿ ಮಾತ್ರ ಬರೆದುಕೊಳ್ಳುತ್ತವೆ. ನಾಳೆ ಚಿತ್ರಗಳನ್ನು ಬೇರೆಡೆಗೆ ಸಾಗಿಸಿದರೆ ಚೀಟಿ ಅಲ್ಲೇ ಉಳಿಯುತ್ತದೆ. ಸ್ಟುಡಿಯೋದ ರಿಜಿಸ್ಟರಿನಲ್ಲಿ ಹೆಸರಿದ್ದು ಫೋಟೋದ ಬೆನ್ನು ಖಾಲಿ ಇದ್ದ ಹಾಗೆ. ಕಡತದೊಳಗೇ ಬರೆದಿಡುವ ವಿಧಾನವೂ ಉಂಟು. ಪತ್ರಿಕಾ ಛಾಯಾಚಿತ್ರಗಳಿಗೆ ಬಹುಕಾಲದಿಂದ ಹಾಗೆಯೇ ಮಾಡುತ್ತಾರೆ. ಚಿತ್ರಗಳು ಮನೆಯ ಯಂತ್ರದಲ್ಲೇ ಇರುತ್ತವೆಯೋ ಕಂಪನಿಯ ಯಂತ್ರಕ್ಕೆ ಹೋಗುತ್ತವೆಯೋ ಅದನ್ನೂ ಕೇಳಿಕೊಳ್ಳಿ. ಮುಖದ ಗುರುತು ಮನೆಯ ಬೀಗದ ಕೈ ಇದ್ದಂತೆ.

ಇಷ್ಟಾದ ಮೇಲೆ ಉಳಿದದ್ದು ಹೆಸರುಗಳು. ಟ್ರಂಕಿನ ಚಿತ್ರಗಳಲ್ಲಿ ಅರುವತ್ತೆರಡು ಮುಖಗಳನ್ನು ಯಂತ್ರ ಅಚ್ಚುಕಟ್ಟಾಗಿ ಬೇರೆ ಮಾಡಿ, ಒಂದೊಂದರ ಕೆಳಗೂ "ಇವರು ಯಾರು?" ಎಂದು ಕೇಳಿ ಜಾಗ ಬಿಟ್ಟಿತ್ತು. ನನಗೆ ಗುರುತು ಸಿಕ್ಕಿದ್ದು ಹನ್ನೊಂದು. ಎಂಬತ್ತೆಂಟು ವರ್ಷದ ಸೋದರತ್ತೆಯ ಮನೆಗೆ ಕಂಪ್ಯೂಟರನ್ನು ಹೊತ್ತುಕೊಂಡು ಹೋದೆವು. ಅವರು ಕನ್ನಡಕ ಏರಿಸಿಕೊಂಡು ನೋಡಿ, "ಅಣ್ಣ ಹಿಂದುಗಡೆ ಬರೆದಿಟ್ಟಿದ್ದನಲ್ಲೋ, ಅದೇನಾಯ್ತು?" ಎಂದರು. ನಾನು ತಲೆ ತಗ್ಗಿಸಿದೆ. ಆದರೂ ಬೆರಳಿಟ್ಟು ಹೇಳುತ್ತ ಹೋದರು: ಇವಳು ಪುಟ್ಟಿ, ಮೈಲಿ ಬೇನೆಯಲ್ಲಿ ಹೋದವಳು, ಇವರು ನಿಮ್ಮಪ್ಪನಿಗೆ ಫೀಸು ಕಟ್ಟಿದ ಮೇಷ್ಟರು, ಇವನು ನೀನೇ ಕಣೋ.

ಮೂವತ್ತಾರು ಹೆಸರು ಸಿಕ್ಕುವ ಹೊತ್ತಿಗೆ ಅವರಿಗೆ ಆಯಾಸವಾಯಿತು. ಇನ್ನು ಹದಿನೈದು ಇವೆ. ಬರುವ ಭಾನುವಾರ ಮತ್ತೆ ಹೋಗಬೇಕು.