ತಪ್ಪು ಕೈಯದೋ, ಹಿಡಿಯದೋ?

(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಒಬ್ಬನ ಬೆರಳು ಹೋಯಿತೆಂದರೆ ಮಾರನೆಯ ದಿನ ಕಾಗದದ ಮೇಲೆ ಬರುವ ಮಾತು ಒಂದೇ: "ಕೆಲಸಗಾರನ ಅಜಾಗರೂಕತೆ." ಈ ಮಾತನ್ನು ಒರೆಗೆ ಹಚ್ಚಿ ನೋಡಿದವರ ಕಥೆಯೊಂದನ್ನು ಇಂದು ಹೇಳುತ್ತೇವೆ. ಅವರು ಕಾರ್ಮಿಕ ಪಕ್ಷದವರಲ್ಲ, ಅಮೆರಿಕದ ಸೇನೆಯವರು.

ಎರಡನೆಯ ಮಹಾಯುದ್ಧದ ಕಾಲ. ಬಿ-17 ಎಂಬ ದೊಡ್ಡ ಬಾಂಬರ್ ವಿಮಾನಗಳು ಹಾರಾಟ ಮುಗಿಸಿ ಸುಖವಾಗಿ ನೆಲಕ್ಕಿಳಿದ ಮೇಲೆ ಹೊಟ್ಟೆಯಡಿಯಾಗಿ ಕುಸಿಯುತ್ತಿದ್ದವು. ಚಾಲಕನು ರೆಕ್ಕೆಯ ಫ್ಲಾಪುಗಳನ್ನು ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದನು. "ಚಾಲಕನ ತಪ್ಪು" ಎಂದು ಬರೆದರೆ ಮುಗಿಯಿತು.

ಓಹಿಯೋದ ರೈಟ್ ಫೀಲ್ಡಿನಲ್ಲಿದ್ದ ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ಎಂಬವರು 1943ರಲ್ಲಿ ಚಾಲಕನ ಕೋಣೆಯನ್ನೇ ಪರೀಕ್ಷಿಸಿದರು. ಎರಡು ಸ್ವಿಚ್ಚುಗಳು, ಅಕ್ಕಪಕ್ಕ, ಮುಟ್ಟಿದರೆ ಎರಡೂ ಒಂದೇ! ಸಿ-47 ಎಂಬ ಸಾಗಣೆ ವಿಮಾನದಲ್ಲಿ ಇವೆರಡೂ ಬೇರೆ ಬಗೆಯವು, ಬೇರೆ ಜಾಗದವು. ಅಲ್ಲಿ ಈ ತಪ್ಪೇ ಇರಲಿಲ್ಲ. ಚಪಾನಿಸರು ಚಕ್ರದ ಹಿಡಿಗೆ ಪುಟ್ಟ ರಬ್ಬರ್ ಚಕ್ರವನ್ನೂ ಫ್ಲಾಪಿನ ಹಿಡಿಗೆ ಬೆಣೆಯಂಥ ತುಂಡನ್ನೂ ಸಿಕ್ಕಿಸಿದರು. ಕತ್ತಲೆಯಲ್ಲಿಯೂ ದಣಿದ ಕೈಗೆ ಯಾವುದು ಏನೆಂದು ತಿಳಿಯಿತು. ವಿಮಾನಗಳಲ್ಲಿ ಆ ಹಿಡಿಗೆ ಇಂದಿಗೂ ಚಕ್ರದ ಆಕಾರವೇ ಇದೆ.

1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬವರು ಇಂಥ 460 ತಪ್ಪುಗಳನ್ನು ಕಲೆಹಾಕಿದರು. ಅರ್ಧದಷ್ಟು, ಒಂದು ಹಿಡಿಯ ಬದಲು ಇನ್ನೊಂದನ್ನು ಹಿಡಿದದ್ದು. ಎತ್ತರ ತೋರಿಸುವ ಮಾಪಕಕ್ಕೆ ಮೂರು ಮುಳ್ಳುಗಳಿದ್ದು, ಓದುವಾಗ ಸಾವಿರ ಅಡಿಗಳ ಲೆಕ್ಕವೇ ತಪ್ಪುತ್ತಿತ್ತು.

ನಾವು ಮೇಷ್ಟರಾಗಿದ್ದಾಗ ಹುಡುಗನೊಬ್ಬ ಲೆಕ್ಕವನ್ನು ದಿನವೂ ತಪ್ಪಾಗಿ ಬರೆದುಕೊಳ್ಳುತ್ತಿದ್ದ. ಬೆತ್ತವನ್ನೂ ತೋರಿಸಿದೆವು. ಒಂದು ದಿನ ಅವನ ಜಾಗದಲ್ಲಿ ಕುಳಿತು ನೋಡಿದರೆ, ಕಿಟಕಿಯ ಬಿಸಿಲು ಬಿದ್ದು ಬೋರ್ಡೇ ಕಾಣುತ್ತಿರಲಿಲ್ಲ. ಅಂದಿನ ನಾಚಿಕೆ ಇಂದಿಗೂ ಹೋಗಿಲ್ಲ. ಅಂಗಡಿಯ ಬಂಧುಗಳಿಗೆ ಇದು ಗೊತ್ತು: ಉಪ್ಪು, ಸಕ್ಕರೆ ಒಂದೇ ತರದ ಡಬ್ಬಿಯಲ್ಲಿದ್ದರೆ ಆಳನ್ನು ಬೈದು ಫಲವೇನು?

ನಮ್ಮಲ್ಲಿ ಅಜಾಗರೂಕರೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಒಂದೇ ಜಾಗದಲ್ಲಿ, ಒಂದೇ ತಪ್ಪನ್ನು ಹತ್ತು ಜನ ಮಾಡಿದರೆ ಅದು ಆ ಜಾಗದ ತಪ್ಪು.

ಸೇನೆ ಈ ಶೋಧನೆಯನ್ನು ದಯೆಯಿಂದ ಮಾಡಿಸಲಿಲ್ಲ. ವಿಮಾನಕ್ಕೆ ಬೆಲೆಯಿತ್ತು, ಕಲಿತ ಚಾಲಕನಿಗೆ ಬೆಲೆಯಿತ್ತು. ಊರು ಸುಡುವ ವಿಮಾನಕ್ಕಾಗಿ ಹುಟ್ಟಿದ ವಿದ್ಯೆ ಬಟ್ಟೆ ನೇಯುವವನ ಬೆರಳಿಗೆ ಬೇಡವೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಅಪಘಾತದ ಪುಸ್ತಕದಲ್ಲಿ ಕೆಲಸಗಾರನ ಹೆಸರಿನ ಜೊತೆಗೆ ಇನ್ನೂ ನಾಲ್ಕು ಸಾಲು ಬರೆಯಲಿ: ಹಿಡಿ ಎಲ್ಲಿತ್ತು? ಪಕ್ಕದಲ್ಲಿ ಏನಿತ್ತು? ಬೆಳಕು ಎಷ್ಟಿತ್ತು? ಎಷ್ಟನೆಯ ಗಂಟೆಯ ಕೆಲಸ? ಅವರು ಬರೆಯದಿದ್ದರೆ ನಾವೇ ಬರೆದಿಡೋಣ. ನಾಳೆಯ ಪಾಳಿಯಿಂದಲೇ ಆರಂಭಿಸೋಣ.