ತರಂಗಂಬಾಡಿಯ ಹೊಸ ಯೆರೂಸಲೇಮ್ ದೇವಾಲಯ

ತರಂಗಂಬಾಡಿಗೆ ಹೋದವರು ಡೇನರ ಕೋಟೆಯನ್ನು ನೋಡಿ ಹಿಂದಿರುಗುವುದುಂಟು. ನಾವಾದರೋ ಅಲ್ಲಿಯ ಲೂಥರನ್ ದೇವಾಲಯದ ಮುಂದೆಯೂ ಒಂದಿಷ್ಟು ನಿಲ್ಲಬೇಕು.

ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕನು ಕಳುಹಿಸಿದ ಜರ್ಮನ್ ಪಾದ್ರಿ ಸೀಗನ್‌ಬಾಲ್ಗರು 1706ರಲ್ಲಿ ಇಲ್ಲಿಗೆ ಬಂದರು. ಡೇನರಿಗೆ ತಮ್ಮದೇ ದೇವಾಲಯವಿದ್ದಿತು. ಇವರು ತಮಿಳನ್ನು ಕಲಿತು, ತಮಿಳರ ಸಭೆಯೊಂದನ್ನು ಕೂಡಿಸಿದರು. 1707ರ ಮೊದಲ ದೇವಾಲಯದ ತರುವಾಯ, 1718ರ ಅಕ್ಟೋಬರಿನಲ್ಲಿ ಈಗಿನ ಕಟ್ಟಡದ ಪ್ರತಿಷ್ಠೆಯಾಯಿತು. ಐದು ತಿಂಗಳು ತುಂಬುವುದರೊಳಗೆ ಸೀಗನ್‌ಬಾಲ್ಗರು ತೀರಿಕೊಂಡರು. ಅವರ ಸಮಾಧಿಯೂ ಅಲ್ಲಿಯೇ ಇದೆ.

ಆದರೂ ಸಭೆ ಚದರಲಿಲ್ಲ. 1733ರಲ್ಲಿ ಆರೋನ್ ಎಂಬ ತಮಿಳು ಉಪದೇಶಿಯೇ ಪಾದ್ರಿ ದೀಕ್ಷೆಯನ್ನು ಪಡೆದರು. 1845ರಲ್ಲಿ ಡೇನರು ಊರನ್ನು ಇಂಗ್ಲಿಷರಿಗೆ ಮಾರಿ ಹೊರಟರು. ಅವರ ದೊರೆಯ ಮುದ್ರೆ ಮುಂಗೋಡೆಯ ಮೇಲೆ ಉಳಿದಿದೆ. ಒಳಗೆ ತಮಿಳಿನ ಆರಾಧನೆ ಇಂದಿಗೂ ನಡೆಯುತ್ತಿದೆ. ಸಭೆಯನ್ನು ಕಾಪಾಡಿದ್ದು ಆ ಮುದ್ರೆಯಲ್ಲ, ಈ ನುಡಿಯೇ ಎಂದು ನಾವು ನಂಬುತ್ತೇವೆ.