ಮುಟ್ಟಿದರೆ ಬರುವ ರೋಗವಲ್ಲ



ಸಕಲೇಶಪುರ, ಆಲೂರು ಕಡೆ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಸಿಲಿಲ್ಲ. ಮಳೆ ಮುಗಿದು ಕಾಫಿ ಕೊಯ್ಲಿನ ಹೊತ್ತಿಗೆ ಚಳಿಗಾಳಿ ಮೈ ಒಡೆಸುತ್ತದೆ. ಸೋರಿಯಾಸಿಸ್ ಎಂಬ ಚರ್ಮರೋಗ ಇರುವ ಎಷ್ಟೋ ಜನರಿಗೆ ಈ ಎರಡೂ ಕಾಲ ಕಷ್ಟದವು. ಮೊಣಕೈ, ಮಂಡಿ, ನೆತ್ತಿಯ ಮೇಲೆ ಕೆಂಪು ದಡಿಕೆ, ಅದರ ಮೇಲೆ ಬಿಳಿ ಹೊಟ್ಟು. ಕೆರೆದರೆ ಸೂಜಿಮೊನೆಯಷ್ಟು ರಕ್ತ. ಗಿಡಕಸಿ ಮಾಡುವಾಗ ರೆಂಬೆ ಗೀಚಿದ ಗೆರೆಯುದ್ದಕ್ಕೂ ಹೊಸ ದಡಿಕೆ ಏಳುವುದುಂಟು.

ಇದನ್ನು ಕಂಡವರು ಕುಷ್ಠವೋ ಎಂದು ಅಂಜಿ ದೂರ ಸರಿಯುತ್ತಾರೆ. ಆ ಭಯ ಬಹಳ ಹಳೆಯದು. ಚರಕ ಸಂಹಿತೆ 18 ಬಗೆಯ ಕುಷ್ಠಗಳನ್ನು ಹೇಳುತ್ತದೆ. ಮೀನಿನ ಹುರುಪೆಯಂಥ ಚರ್ಮದ, ಸೋರಿಯಾಸಿಸ್ಸನ್ನು ಹೋಲುವ ಏಕಕುಷ್ಠ ಅದರಲ್ಲೊಂದು. ಯುರೋಪಿನಲ್ಲೂ ಸೋರಿಯಾಸಿಸ್ ಮತ್ತು ಕುಷ್ಠರೋಗ ಕಲೆತೇ ಹೋಗಿದ್ದವು. 1841ರಲ್ಲಿ ವಿಯೆನ್ನಾದ ವೈದ್ಯ ಹೆಬ್ರಾ ಸೋರಿಯಾಸಿಸ್ಸನ್ನು ಕುಷ್ಠದಿಂದ ಸ್ಪಷ್ಟವಾಗಿ ಬೇರ್ಪಡಿಸಿದರು.

ಆಮೇಲೂ ನೂರಕ್ಕೂ ಹೆಚ್ಚು ವರ್ಷ ಇದು ಬರೀ ಚರ್ಮದ ದೋಷವೆಂದೇ ನಂಬಿಕೆ. 1925ರಲ್ಲಿ ಅಮೆರಿಕದ ವೈದ್ಯ ಗೋಕರ್‌ಮನ್ ಚರ್ಮಕ್ಕೆ ಟಾರ್ ಹಚ್ಚಿ ಅತಿನೇರಳೆ ಬೆಳಕು ಕೊಟ್ಟರು. 1951ರಲ್ಲಿ ಗುಬ್ನರ್ ಎಂಬ ವೈದ್ಯರು ಸಂಧಿವಾತಕ್ಕೆ ಅಮಿನೋಪ್ಟೆರಿನ್ ಎಂಬ ಔಷಧ ಕೊಟ್ಟಾಗ ಚರ್ಮವೂ ತಿಳಿಯಾಯಿತು. ಆ ಔಷಧ ಹುಟ್ಟಿದ್ದು ನಮ್ಮ ದೇಶದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಪ್ರಯೋಗಾಲಯದಲ್ಲಿ. ಅದರ ಬಂಧು ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ನಿಜವಾದ ಸುಳಿವು ಸಿಕ್ಕಿದ್ದು 1979ರಲ್ಲಿ. ಬದಲಿ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಸೈಕ್ಲೊಸ್ಪೊರಿನ್ ಸೋರಿಯಾಸಿಸ್ಸನ್ನೂ ಇಳಿಸಿತು. ಅದು ಹತ್ತಿಕ್ಕುವುದು ರೋಗನಿರೋಧಕ ಟಿ ಜೀವಕೋಶಗಳನ್ನು. ಹಾಗಾದರೆ ಬೇರು ಅಲ್ಲಿದೆ!

2000ದ ನಂತರ ಚಿತ್ರ ಸ್ಪಷ್ಟವಾಯಿತು. ಟಿಎಚ್-17 ಎಂಬ ಟಿ ಕೋಶಗಳು ಉರಿಯೂತ ಎಬ್ಬಿಸುತ್ತವೆ. ಟಿ-ರೆಗ್ ಕೋಶಗಳು ಅದನ್ನು ತಡೆಯಬೇಕು. ಸೋರಿಯಾಸಿಸ್‌ನಲ್ಲಿ ಮೊದಲನೆಯವು ಕೆರಳುತ್ತವೆ, ಎರಡನೆಯವುಗಳ ತಡೆಯುವ ಶಕ್ತಿ ಕುಂದುತ್ತದೆ. ಶಿರಾಡಿ ಘಾಟಿ ಇಳಿಯುವ ಲಾರಿಗೆ ಬ್ರೇಕ್ ಹಿಡಿಯದಿದ್ದರೆ ಹೇಗೋ ಹಾಗೆ. ಸುಮಾರು ನಾಲ್ಕು ವಾರದಲ್ಲಿ ಹೊಸದಾಗಬೇಕಾದ ಚರ್ಮ ವಾರದೊಳಗೇ ಹೊಸದಾಗಿ ಹೊಟ್ಟಾಗಿ ಉದುರುತ್ತದೆ.

ಈ ಚರಿತ್ರೆಯಲ್ಲಿ ಕರ್ನಾಟಕದ ಪಾಲೂ ಇದೆ. ಕ್ಯೂಬಾದ ವಿಜ್ಞಾನಿಗಳೊಂದಿಗೆ ಕೈಜೋಡಿಸಿ ಬೆಂಗಳೂರಿನ ಬಯೋಕಾನ್ ಇಟೊಲಿಜುಮ್ಯಾಬ್ ಎಂಬ ಔಷಧವನ್ನು 2013ರಲ್ಲಿ ಬಿಡುಗಡೆ ಮಾಡಿತು. ಅದು ಟಿ ಕೋಶಗಳ ಮೇಲಿನ ಸಿಡಿ6 ಎಂಬ ಪ್ರೋಟೀನಿಗೆ ಅಂಟಿಕೊಂಡು ಅವುಗಳ ಕೆರಳಿಕೆ ಇಳಿಸುತ್ತದೆ.

ಕೇಳುಗರೇ, ರೋಗವನ್ನು ಬುಡಸಮೇತ ಕೀಳುವ ಮದ್ದು ಇನ್ನೂ ಬಂದಿಲ್ಲ. ಹತೋಟಿಯಲ್ಲಿಡುವ ಮದ್ದು ಧಾರಾಳವಾಗಿದೆ. ಹುಳುಕಡ್ಡಿ ಎಂದುಕೊಂಡು ಅಂಗಡಿಯ ಮುಲಾಮು ಹಚ್ಚಬೇಡಿ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲೋ ಹಾಸನದ ವೈದ್ಯಕೀಯ ಕಾಲೇಜಿನಲ್ಲೋ ತೋರಿಸಿ. ಗಂಟುನೋವಿದ್ದರೆ ಅದನ್ನೂ ಹೇಳಿ. ಸೋರಿಯಾಸಿಸ್ ಕೈಯಿಂದ ಕೈಗೆ, ತಟ್ಟೆಯಿಂದ ತಟ್ಟೆಗೆ ಹರಡುವುದಿಲ್ಲ. ತೋಟದ ಲೈನಿನಲ್ಲಾಗಲಿ, ಮದುವೆಮನೆಯ ಪಂಕ್ತಿಯಲ್ಲಾಗಲಿ ಇವರನ್ನು ಬೇರೆ ಕೂರಿಸಲು ಯಾವ ಕಾರಣವೂ ಇಲ್ಲ.